ಚೌಕಿಯಿಂದ ರಂಗಸ್ಥಳಕ್ಕೆ: ಸಭಾಕಂಪ ಬಿಡಿಸುವ ಮಲೆನಾಡಿನ ದಾರಿ

ಹತ್ತು ಜನರ ಮುಂದೆ ನಿಲ್ಲಬೇಕಾದಾಗ ಮೈಗೆ ಬರುವ ನಡುಕಕ್ಕೆ ಸಭಾಕಂಪ ಎನ್ನುತ್ತಾರೆ. ವೇದಿಕೆ ಹತ್ತುವವರನ್ನು ಮಾತ್ರ ಕಾಡುವ ತೊಂದರೆ ಇದಲ್ಲ. ಮೊದಲ ಸಂದರ್ಶನಕ್ಕೆ ಕುಳಿತ ಪದವೀಧರ, ಗ್ರಾಮಸಭೆಯಲ್ಲಿ ಎದ್ದು ರಸ್ತೆಯ ವಿಷಯ ಕೇಳಬೇಕೆಂದಿರುವ ಗೃಹಿಣಿ, ಸ್ವಸಹಾಯ ಸಂಘದ ಲೆಕ್ಕ ಓದಬೇಕಾದ ಹೊಸ ಕಾರ್ಯದರ್ಶಿ, ನಿವೃತ್ತಿಯಾದ ಮೇಲೆ ಕಾಲಿಗೆ ಗೆಜ್ಜೆ ಕಟ್ಟಲು ಹೊರಟ ಮೇಷ್ಟ್ರು, ಎಲ್ಲರ ಪಾಡೂ ಒಂದೇ. ಎದೆ ಢವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಸಂಕಟ. ಮನೆಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ನಾಲಿಗೆಯ ತುದಿಗೂ ಬರುವುದಿಲ್ಲ. ಹೊಸತೊಂದನ್ನು ಮಾಡಬೇಕು ಎಂಬ ಆಸೆ ಎಷ್ಟೋ ಜನರಲ್ಲಿ ಇಲ್ಲಿಗೇ ನಿಂತುಬಿಡುತ್ತದೆ.

ಇದರ ಮೂಲ ದೇಹದ ಒಂದು ಹಳೆಯ ರಕ್ಷಣಾ ವ್ಯವಸ್ಥೆಯಲ್ಲಿದೆ. ಅಪಾಯ ಎದುರಾಗಿದೆ ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಕೈಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಓಡಲು ಅಥವಾ ಹೊಡೆದಾಡಲು ದೇಹ ಸಜ್ಜಾಗುವ ಬಗೆ ಇದು. ಆ ಹೊತ್ತಿಗೆ ಊಟ ಅರಗಿಸುವ ಕೆಲಸ ಬೇಡವಾದ್ದರಿಂದ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ. ಎದುರಿಗಿರುವುದು ಹುಲಿಯೋ ಸಭೆಯೋ ಎಂಬ ವ್ಯತ್ಯಾಸವನ್ನು ಈ ವ್ಯವಸ್ಥೆ ಅಷ್ಟಾಗಿ ಮಾಡುವುದಿಲ್ಲ. ಗುಂಪಿನ ಆಸರೆಯಲ್ಲೇ ಬದುಕಿದ ಮನುಷ್ಯನಿಗೆ ನಾಲ್ಕು ಜನರ ಮುಂದೆ ಮಾನ ಹೋಗುವುದೂ ನಿಜವಾದ ಅಪಾಯವೇ ಆಗಿತ್ತು.

ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ರೋಮ ನಿಮಿರುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳಿಚುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು. ನುರಿತ ನಟ ವರ್ಷಗಳ ಸಾಧನೆಯಿಂದ ತೋರಿಸುವ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಕ್ಷಣಗಳು ಹೊಸಬನ ಮೈಮೇಲೆ ಕರೆಯದೇ ಬರುತ್ತವೆ. ಸಭಾಕಂಪ ಬಂದವನಲ್ಲಿ ಶಕ್ತಿಗೇನೂ ಕೊರತೆಯಿಲ್ಲ. ಬಂದ ಶಕ್ತಿಗೆ ಹರಿಯಲು ದಾರಿ ಸಿಕ್ಕಿರುವುದಿಲ್ಲ, ಅಷ್ಟೇ.

ನೋಡುವವರಿದ್ದಾಗ ಕೆಲಸ ಕೆಡುತ್ತದೋ ಸುಧಾರಿಸುತ್ತದೋ ಎಂಬ ಪ್ರಶ್ನೆಗೆ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ 1965ರಲ್ಲಿ ಒಂದು ಉತ್ತರ ಕೊಟ್ಟರು. ಚೆನ್ನಾಗಿ ಕೈವಶವಾದ ಕೆಲಸ ಪ್ರೇಕ್ಷಕರೆದುರು ಇನ್ನೂ ಚೆನ್ನಾಗುತ್ತದೆ, ಅರ್ಧಂಬರ್ಧ ಕಲಿತದ್ದು ಕೆಡುತ್ತದೆ. 1969ರಲ್ಲಿ ಅವರ ತಂಡ ಜಿರಲೆಗಳ ಮೇಲೂ ಪ್ರಯೋಗ ನಡೆಸಿತು. ಬೇರೆ ಜಿರಲೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಓಡುವ ಜಿರಲೆ ಇನ್ನೂ ಬೇಗ ಓಡಿತು, ತಿರುವುಗಳಿದ್ದ ದಾರಿಯಲ್ಲಿ ನಿಧಾನವಾಯಿತು. ಹೀಗಿರುವಾಗ ಹೊಸಬನನ್ನು ಮೊದಲ ದಿನವೇ ಕಷ್ಟದ ಕೆಲಸಕ್ಕೆ, ದೊಡ್ಡ ಸಭೆಯ ಮುಂದೆ ನಿಲ್ಲಿಸಿ ‘ಧೈರ್ಯ ತಗೋ’ ಎನ್ನುವುದು ತಪ್ಪು ಕ್ರಮ. ಸಣ್ಣ ಕೆಲಸ, ಸಣ್ಣ ಸಭೆ, ಆಮೇಲೆ ಒಂದೊಂದೇ ಮೆಟ್ಟಿಲು ಎಂಬುದೇ ಸರಿಯಾದ ದಾರಿ. ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನ ಮೇಳಗಳು ಮನೋವಿಜ್ಞಾನದ ಸಹಾಯವಿಲ್ಲದೆ ಈ ದಾರಿಯನ್ನು ತಲೆಮಾರುಗಳಿಂದ ಹಿಡಿದು ಬಂದಿವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಯಕ್ಷಗಾನದ ಬಡಗು ಶೈಲಿಯ, ಅಂದರೆ ಬಡಗುತಿಟ್ಟಿನ, ಮೇಳಗಳಿಗೆ ಹಳೆಯ ನಂಟಿನ ಸೀಮೆ. ದೀಪಾವಳಿ ಕಳೆದು ಕಾರ್ತಿಕದಲ್ಲಿ ತಿರುಗಾಟ ಹೊರಟ ಮೇಳಗಳು ಮಳೆ ಹತ್ತಿರವಾಗುವ ಮೇ ತಿಂಗಳ ತನಕ ಘಟ್ಟದ ಕೆಳಗೂ ಮೇಲೂ ಊರೂರು ಸುತ್ತುತ್ತವೆ. ಸಾಗರ ತಾಲ್ಲೂಕಿನ ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲೂ ಬಡಗಿನ ಮೇಳವೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಸಿಗಂದೂರು, ತುಮರಿ ಸುತ್ತಿನ ಹಳ್ಳಿಗಳು ಶರಾವತಿ ಹಿನ್ನೀರಿನ ಆಚೆ ಉಳಿದವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಅಲ್ಲಿಂದ ಸಾಗರಕ್ಕೆ ಹೋಗುವವರು ಲಾಂಚ್ ಕಾಯಬೇಕಿತ್ತು. ಸಭೆ ಸಮಾರಂಭಗಳು ದೂರವಾಗಿದ್ದ ಇಂಥ ಊರುಗಳ ಮಕ್ಕಳಿಗೆ ರಂಗಸ್ಥಳ ಎಂಬುದು ಮನೆಯಂಗಳಕ್ಕೇ ಬರುವ ಸಭೆ.

ಮೇಳದ ಸಾಂಪ್ರದಾಯಿಕ ಕ್ರಮದಲ್ಲಿ ಹೊಸಬ ನೇರವಾಗಿ ಪ್ರಸಂಗಕ್ಕೆ ಇಳಿಯುವುದಿಲ್ಲ. ರಾತ್ರಿಯ ಮೊದಲ ಭಾಗ ಪೂರ್ವರಂಗದ್ದು, ಸಭಾಲಕ್ಷಣ ಎಂದೂ ಅದನ್ನು ಕರೆಯುತ್ತಾರೆ. ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಎಲೆಅಡಿಕೆ ಹಾಕುತ್ತ ಕುಶಲ ಕೇಳುತ್ತಿರುತ್ತಾರೆ. ಆ ಹೊತ್ತಿನಲ್ಲಿ ತೀರ ಸರಳ ವೇಷ ಹಾಕಿದ ಕೋಡಂಗಿಗಳು ಬಂದು ಕುಣಿಯುತ್ತವೆ. ಕಲಿಯುತ್ತಿರುವ ಹುಡುಗರಿಗೇ ಮೀಸಲಾದ ವೇಷ ಅದು. ಹೆಜ್ಜೆ ತಪ್ಪಿದರೂ ಆಟಕ್ಕೆ ಊನವಿಲ್ಲ, ನೋಡುವವರ ಗಮನವೂ ಅಷ್ಟು ಬಿಗಿಯಾಗಿರುವುದಿಲ್ಲ. ಕೋಡಂಗಿ ಕುಣಿದು ಪಳಗಿದ ಹುಡುಗನಿಗೆ ಮುಂದೆ ಬಾಲಗೋಪಾಲ ವೇಷ ಸಿಗುತ್ತದೆ. ಕೃಷ್ಣ ಬಲರಾಮರಾಗಿ ಬರುವ ಈ ವೇಷಗಳು ಜೋಡಿ. ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ ಎಂಬುದೇ ಹುಡುಗನಿಗೆ ದೊಡ್ಡ ಬಲ. ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ. ಪ್ರಸಂಗದೊಳಗೆ ಕಾಲಿಟ್ಟ ಮೇಲೂ ಮೊದಲು ಸಿಗುವುದು ದೂತ, ಸಖಿ, ದೇವೇಂದ್ರನ ಬಲದಂಥ ನಾಲ್ಕು ಮಾತಿನ ಪಾತ್ರಗಳು. ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷಕ್ಕೆ ಬರಲು ತಿರುಗಾಟಗಳೇ ಕಳೆಯಬೇಕು. ಎರಡನೇ ವೇಷ ಎನ್ನುವ ಮುಖ್ಯ ಪಾತ್ರದ ಮಾತಂತೂ ಅದರಾಚೆಗೆ.

ಈ ಏಣಿಯಲ್ಲಿ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಎತ್ತರ. ಭಯ ಪೂರ್ತಿ ಹೋಗಲಿ, ಆಮೇಲೆ ಹತ್ತಿದರಾಯಿತು ಎಂದು ಯಾರೂ ಹುಡುಗನನ್ನು ಕಾಯಿಸುವುದಿಲ್ಲ. ಭಯ ಇದ್ದಂತೆಯೇ ಅವನು ಕುಣಿಯುತ್ತಾನೆ. ಇಂದೂ ಕುಣಿದು, ನಾಳೆಯೂ ಕುಣಿದು, ಏನೂ ಅನಾಹುತವಾಗಲಿಲ್ಲ ಎಂಬುದನ್ನು ಮೈಯೇ ಕಲಿಯುತ್ತದೆ. ಭಯ ಕಡಿಮೆಯಾಗುವುದು ಕೆಲಸದ ನಂತರ. ಕೆಲಸಕ್ಕೆ ಮೊದಲೇ ಅದು ಹೋಗಬೇಕೆಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ.

ಚೌಕಿಯ ಶಿಸ್ತೂ ಇದಕ್ಕೆ ಹೊಂದಿಕೊಂಡಿದೆ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗುತ್ತದೆ. ಬಣ್ಣ, ಪಟ್ಟಿ, ಗೆಜ್ಜೆ, ಕೇದಗೆ ಮುಂದಲೆ ಎಂದು ಒಂದರ ಹಿಂದೆ ಒಂದು ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ನಿತ್ಯ ಅದೇ ಕ್ರಮ. ಕೈಗೆ ಕೆಲಸವಿರುವಾಗ ಮನಸ್ಸು ಮುಂದಿನ ಗಂಡಾಂತರಗಳನ್ನು ಎಣಿಸುತ್ತ ಕೂರುವುದು ಕಡಿಮೆ. ರಂಗಸ್ಥಳಕ್ಕೆ ಬಂದ ಮೇಲೂ ವೇಷ ಬಾಯಿಬಿಡುವ ಮೊದಲು ಕುಣಿಯುತ್ತದೆ. ಸಭೆ ಎದುರಿಸುವವರ ಎದೆಬಡಿತ ಸಾಮಾನ್ಯವಾಗಿ ತುತ್ತತುದಿಗೆ ಏರುವುದು ಆರಂಭದ ಮೊದಲ ನಿಮಿಷಗಳಲ್ಲಿ, ಆಮೇಲೆ ಅದು ತಾನಾಗಿ ಇಳಿಯುತ್ತದೆ. ಯಕ್ಷಗಾನದಲ್ಲಿ ಆ ನಿಮಿಷಗಳು ಚಂಡೆ ಮದ್ದಳೆಯ ಗತ್ತಿಗೆ ಹಾಕುವ ಹೆಜ್ಜೆಯಲ್ಲಿ ಕಳೆಯುತ್ತವೆ. ಓಡಲು ಸಿದ್ಧವಾದ ಸ್ನಾಯುಗಳಿಗೆ ಕುಣಿತದಲ್ಲಿ ಕೆಲಸ ಸಿಗುತ್ತದೆ, ಮಾತು ಶುರುವಾಗುವ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂದಿರುತ್ತದೆ. ಮಾತು ಮರೆತರೆ ಪದ ಹಾಡಿ ಆಟ ನಡೆಸುವ ಭಾಗವತರಿದ್ದಾರೆ. ಅರ್ಥ ಎಲ್ಲಿ ಸಿಕ್ಕಿಬಿತ್ತು ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ, ಮುಂದಿನ ಪದ ಎತ್ತಿ ಹುಡುಗನನ್ನು ದಾಟಿಸುತ್ತಾರೆ. ಬಿದ್ದರೆ ಹಿಡಿಯಲು ಒಬ್ಬರಿದ್ದಾರೆ ಎಂಬ ಭರವಸೆ ಇದ್ದಾಗ ಬೀಳುವುದೂ ಕಡಿಮೆ.

ಮಳೆಗಾಲದಲ್ಲಿ ಆಟ ನಿಂತಾಗ ಮಲೆನಾಡಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಕುಳಿತಲ್ಲೇ ಅರ್ಥ ಹೇಳಬೇಕು. ಎದ್ದು ನಿಲ್ಲುವ ಕಷ್ಟ ಇಲ್ಲಿ ತಪ್ಪುತ್ತದೆ, ಕೇಳುವವರು ಹೆಚ್ಚಾಗಿ ಪರಿಚಿತರೇ. ಆದರೆ ಎದುರು ಕುಳಿತವರು ಕೇಳುವ ಪ್ರಶ್ನೆಗೆ ಆಗಲೇ ಉತ್ತರ ಹುಟ್ಟಬೇಕಾದ್ದರಿಂದ ಬಾಯಿಪಾಠ ಒಂದನ್ನೇ ನೆಚ್ಚಿದರೆ ನಡೆಯುವುದಿಲ್ಲ. ಹೊಸಬರು ಮೊದಲು ಅರ್ಥವನ್ನು ಬರೆದು ಕಲಿಯುತ್ತಾರೆ, ಹಿರಿಯರು ಅವರ ಮಟ್ಟಕ್ಕೆ ಇಳಿದು ಪ್ರಶ್ನೆ ಹಾಕುತ್ತಾರೆ. ಹೀಗೆ ಎದುರಾಳಿಯೇ ಕೈಹಿಡಿದು ನಡೆಸುವ ಕಲೆಗಳು ಹೆಚ್ಚಿಲ್ಲ. ಘಟ್ಟದ ಕೆಳಗೆ ಕುಂದಾಪುರ, ಬ್ರಹ್ಮಾವರದ ಕಡೆ ಇನ್ನೂ ಎಳೆಯ ಮಕ್ಕಳಿಗೆ ಹೂವಿನಕೋಲು ಎಂಬ ಸಂಪ್ರದಾಯವಿತ್ತು. ನವರಾತ್ರಿಯಲ್ಲಿ ಹುಡುಗರು ಹೂವಿನಿಂದ ಅಲಂಕರಿಸಿದ ಕೋಲು ಹಿಡಿದು ಭಾಗವತರ ಜೊತೆ ಮನೆಮನೆಗೆ ಹೋಗಿ, ಎದುರು ಬದುರು ಕುಳಿತು ಪ್ರಸಂಗದ ಮಾತು ಒಪ್ಪಿಸುತ್ತಿದ್ದರು. ಸಭೆ ಎಂದರೆ ಒಂದು ಮನೆಯ ನಾಲ್ಕಾರು ಮಂದಿ. ಒಂದೇ ದಿನ ಹಲವು ಮನೆ. ಸಭಾಕಂಪ ಬಿಡಿಸಲು ಇದಕ್ಕಿಂತ ಒಳ್ಳೆಯ ಪಾಠಕ್ರಮ ಹೊಂದಿಸುವುದು ಕಷ್ಟ. ಇತ್ತೀಚೆಗೆ ಕೆಲವು ಸಂಘಗಳು ಅದಕ್ಕೆ ಮತ್ತೆ ಜೀವ ಕೊಟ್ಟಿರುವುದು ಸಂತೋಷದ ಸಂಗತಿ.

ಪಶ್ಚಿಮದ ಮನೋವಿಜ್ಞಾನ ಇದೇ ತತ್ತ್ವವನ್ನು ಪ್ರಯೋಗದಿಂದ ಕಂಡುಕೊಂಡದ್ದು 20ನೇ ಶತಮಾನದಲ್ಲಿ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಅವರು ಪೀಟರ್ ಎಂಬ ಪುಟ್ಟ ಹುಡುಗನ ಮೊಲದ ಭಯ ಬಿಡಿಸಿದ ಬಗೆಯನ್ನು ಪ್ರಕಟಿಸಿದರು. ಮೊಲಕ್ಕೆ ಹೆದರದ ಬೇರೆ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುದ್ದಿಸಿದ. 1958ರಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಇದನ್ನು ಒಂದು ಚಿಕಿತ್ಸಾ ಪದ್ಧತಿಯಾಗಿ ಬೆಳೆಸಿದರು. ಭಯ ಹುಟ್ಟಿಸುವ ಸಂದರ್ಭಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದುಕೊಂಡು, ಮೈ ಸಡಿಲಿಸಿಕೊಳ್ಳುವುದನ್ನು ಕಲಿತು, ಕೆಳಗಿನದರಿಂದ ಒಂದೊಂದನ್ನೇ ಎದುರಿಸುತ್ತ ಹೋಗುವುದು ಆ ಪದ್ಧತಿ. ಬಾಲಗೋಪಾಲನ ಪಕ್ಕದಲ್ಲಿ ಜೊತೆಗಾರನನ್ನು ನಿಲ್ಲಿಸಿದವರಿಗೆ, ಕೋಡಂಗಿಯನ್ನು ಆಟದ ಆರಂಭದ ಹೊತ್ತಿಗೆ ಇಟ್ಟವರಿಗೆ ಇದು ಹೊಸ ಮಾತೇನಲ್ಲ.

ಸಾಗರದ ಪಕ್ಕದ ಹೆಗ್ಗೋಡು ಇದೇ ಕೆಲಸವನ್ನು ಆಧುನಿಕ ನಾಟಕದ ಮೂಲಕ ಮಾಡಿತು. 1949ರಲ್ಲಿ ಊರಿನ ಜನ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಬೆಳೆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಭಾಕಂಪದ ದೃಷ್ಟಿಯಿಂದ ನೋಡಿದರೆ ಪ್ರಶಸ್ತಿಗಿಂತ ದೊಡ್ಡ ಸಂಗತಿ ಬೇರೆಯದು. ಹಗಲು ತೋಟದಲ್ಲಿ ಕೆಲಸ ಮಾಡಿ ಬಂದ ಅಡಿಕೆ ಬೆಳೆಗಾರರು, ಶಾಲಾ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಂಜೆ ಕೂಡಿ ನಾಟಕ ಕಟ್ಟಿದರು. ಎಂಬತ್ತರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಡಿ ನೀನಾಸಂ ನಾಡಿನ ಹಳ್ಳಿಗಳಲ್ಲಿ ರಂಗಶಿಬಿರಗಳನ್ನು ನಡೆಸಿತು. ಯಲ್ಲಾಪುರದ ಬಳಿಯ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರು ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವಾಡಿದರು. ಮುಂದೆ ಆ ಸಮುದಾಯದಿಂದ ಹೆಗ್ಗೋಡಿಗೆ ಬಂದು ಕಲಿತು, ರಂಗಭೂಮಿ ಮತ್ತು ಸಿನಿಮಾದಲ್ಲಿ ಹೆಸರಾದವರೂ ಇದ್ದಾರೆ.

ರಂಗಶಿಬಿರಗಳು ಮೊದಲ ದಿನವೇ ಮಾತು ಕಂಠಪಾಠ ಮಾಡಿಸುವುದಿಲ್ಲ. ವೃತ್ತವಾಗಿ ನಿಂತು ಆಡುವ ಆಟಗಳು, ಎಲ್ಲರೂ ಒಟ್ಟಿಗೆ ದನಿ ತೆಗೆಯುವುದು, ಮೈ ಸಡಿಲಿಸುವುದು, ಹಾಡಿನಲ್ಲಿ ಕೂಡಿಕೊಳ್ಳುವುದು ಮೊದಲು ಬರುತ್ತವೆ. ಎಲ್ಲರೂ ಕೂಗುತ್ತಿರುವಾಗ ತನ್ನ ದನಿ ಯಾರಿಗೂ ಬೇರೆಯಾಗಿ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಸಂಕೋಚದ ಹುಡುಗಿಯೂ ಕೂಗುತ್ತಾಳೆ. ಆಮೇಲೆ ಒಂದು ಸಾಲು ಅವಳೊಬ್ಬಳದೇ ಆಗುತ್ತದೆ.

ಸಭೆಯ ಭಯವೆಲ್ಲ ವೈಯಕ್ತಿಕ ದೌರ್ಬಲ್ಯ ಎಂದುಕೊಳ್ಳುವುದು ಅನ್ಯಾಯ. ಸಭೆ ನಿನ್ನದಲ್ಲ ಎಂದು ತಲೆಮಾರುಗಳಿಂದ ಹೇಳಿಸಿಕೊಂಡವರಿಗೆ ಬಾಯಿ ಕಟ್ಟುವುದಕ್ಕೆ ಹಾರ್ಮೋನಿಗಿಂತ ಹಳೆಯ ಕಾರಣಗಳಿವೆ. ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡಿಕೊಂಡು ಬಂದರು. ಇಂದು ಕರಾವಳಿ, ಮಲೆನಾಡುಗಳಲ್ಲಿ ಹೆಣ್ಣುಮಕ್ಕಳ ಹವ್ಯಾಸಿ ಯಕ್ಷಗಾನ ತಂಡಗಳೂ ತಾಳಮದ್ದಳೆ ಕೂಟಗಳೂ ಇವೆ. ಅಲ್ಲಿ ಗೆಜ್ಜೆ ಕಟ್ಟಿದ ಗೃಹಿಣಿ ಎದುರಿಸಿದ್ದು ಪ್ರೇಕ್ಷಕರ ಕಣ್ಣನ್ನು ಮಾತ್ರವಲ್ಲ, ಮನೆಯವರ, ನೆರೆಯವರ ಮಾತನ್ನೂ. ಹೀಗೆ ಬಾಯಿ ಕಟ್ಟಿದ್ದವರಲ್ಲಿ ಗೇಣಿದಾರರೂ ಇದ್ದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಅಳತೆಯ ಕೊಳಗದ ಅನ್ಯಾಯ ಪ್ರಶ್ನಿಸಿ ಸತ್ಯಾಗ್ರಹಕ್ಕಿಳಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಧಣಿಯ ಎದುರು ತಲೆಯೆತ್ತಿ ಮಾತಾಡುವುದನ್ನೇ ಕಲಿಯದಿದ್ದವರು ಅಲ್ಲಿ ಒಬ್ಬೊಬ್ಬರಾಗಿ ಹೋಗಲಿಲ್ಲ, ಗುಂಪಾಗಿ ಗದ್ದೆಗಿಳಿದರು. ಜೊತೆಗಾರರಿದ್ದರೆ ಇಂಥ ಭಯವೂ ತಗ್ಗುತ್ತದೆ.

ಅತಿ ಸಂಕೋಚದ ವ್ಯಕ್ತಿ ಎಲ್ಲಿಯವರೆಗೆ ಹೋಗಬಲ್ಲ ಎಂಬುದಕ್ಕೆ ಗಾಂಧೀಜಿಯ ಜೀವನವೇ ಸಾಕ್ಷಿ. ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘದ ಸಭೆಗಳಲ್ಲಿ ಅವರು ಬರೆದುಕೊಂಡು ಹೋದದ್ದನ್ನೂ ಓದಲಾರದೆ ಹೋದರು. ಬ್ಯಾರಿಸ್ಟರ್ ಆಗಿ ಮುಂಬಯಿಗೆ ಮರಳಿದಾಗ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದು ನಿಂತು, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಪ್ರಕರಣವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಅಲ್ಲಿನ ಭಾರತೀಯರ ಮುಂದೆ ಅವರು ಮಾತಾಡಿದರು. ಅದನ್ನು ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣವೆಂದು ಆತ್ಮಕಥೆಯಲ್ಲಿ ಎಣಿಸಿದ್ದಾರೆ. ಮುಂಬಯಿಗೂ ಪ್ರಿಟೋರಿಯಕ್ಕೂ ನಡುವೆ ಗಾಂಧೀಜಿಯ ಸ್ವಭಾವವೇನೂ ಬದಲಾಗಿರಲಿಲ್ಲ. ಕೇಳುವವರು ತಮ್ಮವರಾಗಿದ್ದರು, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯವನ್ನು ಅವರು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದರು, ಆ ಮಾತು ಹೇಳಲೇಬೇಕು ಎಂಬ ತುಡಿತವಿತ್ತು. ತಮ್ಮತ್ತ ಇದ್ದ ಗಮನ ಹೇಳಬೇಕಾದ ವಿಷಯದತ್ತ ಸರಿದಾಗ ನಾಲಿಗೆ ಬಿಚ್ಚಿತು.

ಹೊಸತಕ್ಕೆ ಹೊರಟವರು ತಿಳಿದಿರಬೇಕಾದ ಒಂದೆರಡು ಸಂಶೋಧನೆಗಳಿವೆ. ಒಳಗಿನ ನಡುಕ ಎದುರಿನವರಿಗೆ ಕಾಣುತ್ತಿದೆ ಎಂದು ಮಾತುಗಾರ ಭಾವಿಸುತ್ತಾನೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಷಣಕಾರರು ಎಣಿಸಿದ್ದಕ್ಕಿಂತ ಕಡಿಮೆ ಅಂಜಿಕೆ ಕೇಳುಗರಿಗೆ ಕಂಡಿತು. ಈ ಸತ್ಯವನ್ನು ಮೊದಲೇ ತಿಳಿಸಿದವರ ಭಾಷಣ ಉಳಿದವರದಕ್ಕಿಂತ ಉತ್ತಮವಾಯಿತು. ಇನ್ನೊಂದು, ಎದೆ ಬಡಿಯುತ್ತಿರುವಾಗ ‘ಶಾಂತವಾಗಿರು’ ಎಂದು ತನಗೆ ತಾನು ಹೇಳಿಕೊಳ್ಳುವುದರಿಂದ ಹೆಚ್ಚು ಲಾಭವಿಲ್ಲ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದಂತೆ, ಅದೇ ಬಡಿತವನ್ನು ಹುರುಪು ಎಂದು ಹೇಳಿಕೊಂಡವರು ಹಾಡಿನಲ್ಲಿ, ಭಾಷಣದಲ್ಲಿ, ಗಣಿತದ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು. ಉತ್ಸಾಹಕ್ಕೂ ಅಂಜಿಕೆಗೂ ಮೈಯಲ್ಲಿ ಬರುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ.

ಉಳಿದದ್ದು ತಯಾರಿಯ ಮಾತು. ಮೊದಲ ಎರಡು ಮೂರು ವಾಕ್ಯ ನಿದ್ದೆಗಣ್ಣಿನಲ್ಲೂ ಬರುವಷ್ಟು ಗಟ್ಟಿಯಾಗಿರಬೇಕು, ಮುಂದಿನದಕ್ಕೆ ಅಂಶಗಳು ನೆನಪಿದ್ದರೆ ಸಾಕು. ಇಡೀ ಭಾಷಣವನ್ನು ಅಕ್ಷರಶಃ ಬಾಯಿಪಾಠ ಮಾಡಿದವರು ಒಂದು ಪದ ತಪ್ಪಿದರೂ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಹವ್ಯಾಸಿ ಸಂಘಗಳು ಟ್ರಯಲ್ ಮಾಡುವಂತೆ, ಸಾಧ್ಯವಾದರೆ ಅದೇ ಜಾಗದಲ್ಲಿ, ನಿಂತುಕೊಂಡು, ಗಟ್ಟಿಯಾಗಿ ಒಮ್ಮೆ ಹೇಳಿ ನೋಡುವುದು ಮನಸ್ಸಿನಲ್ಲೇ ಹತ್ತು ಸಲ ಓದುವುದಕ್ಕಿಂತ ಮೇಲು. ಸರದಿ ಬರುವ ಮುನ್ನ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಧೈರ್ಯಕ್ಕೆಂದು ಕುಡಿದು ಹೋಗುವುದು ಕೆಟ್ಟ ದಾರಿ. ನೆನಪು, ನಾಲಿಗೆ ಎರಡೂ ಕೈಕೊಡುತ್ತವೆ. ಕುಡಿಯದೆಯೂ ನಿಲ್ಲಬಲ್ಲೆ ಎಂಬುದನ್ನು ಮೈ ಎಂದೂ ಕಲಿಯುವುದಿಲ್ಲ. ಎಲ್ಲಕ್ಕಿಂತ ಹಾನಿಕರವಾದದ್ದು ತಪ್ಪಿಸಿಕೊಳ್ಳುವುದು. ಹೊಟ್ಟೆನೋವು ಎಂದು ಹೇಳಿ ಮನೆಯಲ್ಲೇ ಉಳಿದ ದಿನ ಸಿಗುವ ನೆಮ್ಮದಿ ಮುಂದಿನ ಸಲದ ಭಯವನ್ನು ಇನ್ನಷ್ಟು ಬಲಪಡಿಸುತ್ತದೆ.

ಕೆಲವರಲ್ಲಿ ಈ ಭಯ ಮಿತಿಮೀರುತ್ತದೆ. ಅಂಗಡಿಯಲ್ಲಿ ಸಾಮಾನು ಕೇಳಲು, ಫೋನ್ ಎತ್ತಲು, ನಾಲ್ವರೊಡನೆ ಊಟಕ್ಕೆ ಕೂರಲು ಕೂಡ ಆಗದೆ ಓದು ಅಥವಾ ಕೆಲಸ ನಿಂತುಹೋದರೆ ಅದು ಸಾಮಾಜಿಕ ಆತಂಕದ ಕಾಯಿಲೆ ಇರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಎದೆಬಡಿತ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಕೆಲವರಿಗೆ ಬರೆದುಕೊಡುವುದುಂಟು. ಆಸ್ತಮಾದಂಥ ತೊಂದರೆಯಿರುವವರಿಗೆ ಅವು ಅಪಾಯ ತರಬಲ್ಲವಾದ್ದರಿಂದ ಯಾರೋ ಹೇಳಿದರೆಂದು ನುಂಗಬಾರದು.

ಈಗ ಹಲವೆಡೆ ಆಟಗಳು ಕಾಲಮಿತಿಯವು, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ನೋಡುವವರಿಗೆ ಅನುಕೂಲ ನಿಜ. ಆದರೆ ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ ಹೋದರೆ ಹೊಸಬರ ಕೆಳಗಿನ ಮೆಟ್ಟಿಲುಗಳೇ ಹೋದಂತೆ. ಶಾಲೆಗಳ ವಾರ್ಷಿಕೋತ್ಸವದಲ್ಲಿ ಆಗುತ್ತಿರುವುದೂ ಇದೇ. ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳಿಗೇ ಪ್ರತಿವರ್ಷ ಮೈಕು ಸಿಗುತ್ತದೆ, ಹಿಂದಿನ ಬೆಂಚಿನವರು ಏಳು ವರ್ಷ ಚಪ್ಪಾಳೆ ತಟ್ಟಿ ಶಾಲೆ ಬಿಡುತ್ತಾರೆ. ಮೇಳದ ಯಜಮಾನರು ವಾರಕ್ಕೊಂದು ಆಟವನ್ನಾದರೂ ಪೂರ್ತಿ ಪೂರ್ವರಂಗದೊಡನೆ ಆಡಿಸಲಿ. ಶಿಕ್ಷಕರು ಬೆಳಗಿನ ಪ್ರಾರ್ಥನೆಯಲ್ಲಿ ದಿನಕ್ಕೊಂದು ಮಗುವನ್ನು, ಅದರಲ್ಲೂ ಮಾತಾಡದ ಮಗುವನ್ನು, ಮೊದಲು ಗೆಳೆಯನೊಬ್ಬನ ಜೊತೆಗೆ, ಮುಂದಿನ ತಿಂಗಳು ಒಂಟಿಯಾಗಿ, ಎರಡೇ ಎರಡು ವಾಕ್ಯ ಹೇಳಲು ಕರೆಯಲಿ.